ತಲೆ ಎತ್ತದೆ ಹಾಕಿದ ಹಾಜರಿ

ನನ್ನ ಮನೆಯಾಕೆ ಪಾರ್ವತಮ್ಮ ತೀರಿಕೊಂಡು ಈ ಅಮಾವಾಸ್ಯೆಗೆ ಮೂರು ತಿಂಗಳಾಗುತ್ತದೆ. ಹಗಲು ಹೇಗೋ ಕಳೆಯುತ್ತದೆ. ಬೆಳಗ್ಗೆ ಏಳರ ಹೊತ್ತಿಗೆ ಮಾತ್ರ ಕೈ ಏನನ್ನೋ ಹುಡುಕುತ್ತದೆ. ಸರ್ವಿಸ್ಸಿನ ಉದ್ದಕ್ಕೂ ಆ ಹೊತ್ತಿಗೆ ನನ್ನ ಕೈಯಲ್ಲಿ ಲೇಖನಿ ಇರುತ್ತಿತ್ತು, ಮುಂದೆ ಹಾಜರಿ ಪುಸ್ತಕ ಇರುತ್ತಿತ್ತು.

ನನ್ನ ತಂಗಿಯ ಮಗ ಹೋದ ತಿಂಗಳು ಮುನಿಸಿಪಾಲಿಟಿಯಲ್ಲಿ ಗುಮಾಸ್ತನಾಗಿ ಸೇರಿದ. "ಮಾವ, ನಂಗೆ ಸಿಬ್ಬಂದಿ ಕೆಲಸ ಕೊಟ್ಟವ್ರೆ. ಏನು ಮಾಡ್ಬೇಕು ಅಂತ ಸ್ವಲ್ಪ ಹೇಳಿ" ಎಂದು ಬಂದು ಕುಳಿತ. ಬಾಯಲ್ಲಿ ಹೇಳುವುದಕ್ಕೆ ಹೋದರೆ ಮಾತು ಬೇರೆ ಕಡೆಗೆ ಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಲೋವರ್ ಸೆಕೆಂಡರಿ. ಬರವಣಿಗೆಯಲ್ಲಿ ಅಷ್ಟೇ ಇರುತ್ತದೆ.

ಕೊರಟಗೆರೆ, ಪಾವಗಡ, ಮಧುಗಿರಿ, ಶಿರಾ, ಈ ನಾಲ್ಕು ಕಸಬೆಗಳಲ್ಲೂ ನಾನು ಕೆಲಸ ಮಾಡಿದ್ದೇನೆ. ಬಡ್ತಿಯ ವಿಷಯ ಬರೆಯುವಂಥದ್ದಿಲ್ಲ. ಬಂದವು ಎರಡು, ಎರಡೂ ತಡವಾಗಿ ಬಂದವು. ಊರವರಿಗೆ ಮುನಿಸಿಪಾಲಿಟಿ ಎಂದರೆ ಬೀದಿ, ಚರಂಡಿ, ದೀಪ. ನನಗೆ ಅದು ಒಂದು ಹೆಸರಿನ ಪಟ್ಟಿ. ಯಾರು ಸೇರಿದರು, ಯಾರಿಗೆ ಜ್ವರ, ಯಾರು ಕುಡಿದು ಬಂದರು, ಯಾರ ಜಾಗ ಯಾರಿಗೆ ಹೋಗಬೇಕು, ಇಷ್ಟೇ ನನ್ನ ಪ್ರಪಂಚ. ಹೊಸಬರು ಇದನ್ನು ಸುಲಭದ ಕೆಲಸ ಎಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ.

ಕೊರಟಗೆರೆಯಲ್ಲಿ ಸೇರಿದ ಮೊದಲನೆಯ ತಿಂಗಳೇ ಒಂದು ತಪ್ಪು ಮಾಡಿದೆ. ಪ್ರತಿಯೊಬ್ಬ ನೌಕರನ ಸರ್ವಿಸ್ ಪುಸ್ತಕದಲ್ಲಿ ಮೈಮೇಲಿನ ಗುರುತು ಬರೆಯುವ ಒಂದು ಕಲಂ ಇರುತ್ತದೆ. ಹೊಸದಾಗಿ ಸೇರಿದ ಹನ್ನೊಂದು ಜನರಿಗೂ ನಾನು "ಕಪ್ಪು ಬಣ್ಣ, ಸಾಧಾರಣ ಎತ್ತರ" ಎಂದು ಬರೆದು ಸಹಿಗೆ ಇಟ್ಟೆ. ಹೆಡ್ ಗುಮಾಸ್ತರು ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಹನ್ನೊಂದನೆಯದು ಮುಗಿದ ಮೇಲೆ ಕನ್ನಡಕ ತೆಗೆದು, "ಇವ್ರೆಲ್ಲ ಒಂದೇ ತಾಯಿ ಮಕ್ಕಳೇನಯ್ಯಾ?" ಎಂದರು.

"ಅಲ್ಲ ಸ್ವಾಮಿ."

"ಮತ್ತೆ? ನಾಳೆ ಇವರಲ್ಲೊಬ್ಬ ಬಾವೀಲಿ ಬಿದ್ದ ಅಂತ ಇಟ್ಕೋ. ಯಾರು ಸತ್ತ ಅಂತ ಯಾರನ್ನ ಕೇಳ್ತೀಯ? ಹೋಗು, ನೋಡ್ಕೊಂಡು ಬಾ."

ಎರಡು ದಿನ ಬೀದಿ ಬೀದಿ ತಿರುಗಿ ಒಬ್ಬೊಬ್ಬರನ್ನೂ ನಿಲ್ಲಿಸಿ ನೋಡಿದೆ. ಒಬ್ಬನಿಗೆ ಹುಬ್ಬು ಸೀಳಿತ್ತು, ಒಬ್ಬನ ಕಿವಿಯ ತುದಿ ಇರಲಿಲ್ಲ. ಬರೆದೆ. ಮನುಷ್ಯರನ್ನು ನೋಡುವುದು ಕಲಿತೆ ಅಂದುಕೊಂಡೆ. ಪುಸ್ತಕಕ್ಕಾಗಿ ಒಂದು ಸಲ ನೋಡುವುದನ್ನು ಮಾತ್ರ ಕಲಿತಿದ್ದೆ.

ಪಾವಗಡದಲ್ಲಿ ಇದ್ದಾಗ ಪ್ಲೇಗಿಗೆ ಹೆದರಿ ಒಂದು ಬೀದಿಯ ಜನ ಪೂರಾ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಸಂಜೆಯ ಹೊತ್ತು ಆ ಕಡೆಯಿಂದ ಬರುತ್ತಾ ನೋಡಿದರೆ, ಖಾಲಿ ಬೀದಿಯಲ್ಲಿ ಕಂಬದ ದೀಪಗಳೆಲ್ಲ ಉರಿಯುತ್ತಿವೆ. ದೀಪ ಹಚ್ಚುವ ಓಬಳೇಶಿ ಏಣಿ ಹೊತ್ತು ಕೊನೆಯ ಕಂಬದ ಹತ್ತಿರ ನಿಂತಿದ್ದ.

"ಯಾರಿಗೋ ಹಚ್ತೀಯ? ಒಂದು ನಾಯಿ ಕೂಡ ಇಲ್ಲ."

"ಆರ್ಡರ್ ರಾಲೇದು ಸ್ವಾಮಿ" ಎಂದ. ನಿಲ್ಲಿಸು ಅನ್ನುವ ಆರ್ಡರು ಬಂದಿಲ್ಲ ಅಂತ. ಆಮೇಲೆ ಏಣಿ ಇಳಿಸುತ್ತಾ, "ಹಚ್ದೆ ಬುಟ್ರೆ ಭಯ ಆಗ್ತದೆ" ಎಂದ.

"ನಿನಗಾ?"

"ನನ್ಕೇನು ಭಯ. ಬೀದೀಗೆ."

ಆ ದಿನ ನಕ್ಕುಬಿಟ್ಟೆ. ಖಾಲಿ ಊರಿನಲ್ಲಿ ಕೆಲಸ ಮಾಡುವವರ ಮಾತಿಗೆ ನಗಬಾರದು ಎಂದು ಆಮೇಲೆ ತಿಳಿಯಿತು.

ಇನ್ನು ಮುಖ್ಯ ಸಂಗತಿ. ಇದು ನಾಲ್ಕರಲ್ಲಿ ಯಾವ ಊರಿನದು ಎಂದು ಬರೆಯುವುದಿಲ್ಲ. ಆ ಜನರ ಮಕ್ಕಳು ಈಗಲೂ ಅಲ್ಲಿದ್ದಾರೆ.

ಮೊದಲು ಹಾಜರಿಯ ಪದ್ಧತಿ ಹೇಳಬೇಕು. ಈಗ ಹೆಬ್ಬೆಟ್ಟು ಒತ್ತಿಸುತ್ತಾರೆ, ಸಹಿ ಬರುವವರು ಸಹಿ ಹಾಕುತ್ತಾರೆ. ಆಗ ಬರಿಯ ಕೂಗು. ಬೆಳಗ್ಗೆ ಏಳಕ್ಕೆ ಚಾವಡಿಯ ಜಗಲಿಯ ಮೇಲೆ ನಾನು ಪುಸ್ತಕ ಬಿಚ್ಚಿಕೊಂಡು ಕೂರುವುದು, ಕೆಳಗೆ ಬೀದಿಯಲ್ಲಿ ಆಳುಗಳು ಸಾಲಾಗಿ ನನ್ನ ಕಡೆಗೆ ಮುಖ ಮಾಡಿ ನಿಲ್ಲುವುದು. ಹೆಸರು ಕೂಗಿದರೆ "ಹಾಜರ್" ಎನ್ನಬೇಕು. ಅಂದರೆ ಒಂದು ಗೆರೆ. ಯಾರಾದರೂ ತಡವಾದರೆ, ಇಲ್ಲವೇ ಮನೆಯಲ್ಲಿ ಏನಾದರೂ ಆಗಿ ಬಾರದಿದ್ದರೆ, ಸಾಲಿನಲ್ಲಿ ಇನ್ನೊಬ್ಬ ಅವನ ಹೆಸರಿಗೆ ಹಾಜರ್ ಅಂದುಬಿಡುತ್ತಿದ್ದ. ಹಾಗೆ ಅಂದಾಗ ಉಳಿದವರು ತಿರುಗಿ ನೋಡಬಾರದು. ತಿರುಗಿದರೆ ತೋರಿಸಿಕೊಟ್ಟ ಹಾಗೆ. ಇದು ಅವರೊಳಗಿನ ಕಟ್ಟುಪಾಡು. ನನಗಿಂತ ಮುಂಚೆ ಅಲ್ಲಿದ್ದ ಗುಮಾಸ್ತರು ಚಾರ್ಜು ಕೊಡುವಾಗ ನನಗೂ ಒಂದು ಮಾತು ಹೇಳಿದ್ದರು: "ಹಾಜರಿ ಹೊತ್ತಲ್ಲಿ ಕಿವಿ ಸಾಕು, ಕಣ್ಣು ಬೇಡ. ನೋಡಿದ್ರೆ ಗೊತ್ತಾಗುತ್ತೆ. ಗೊತ್ತಾದ್ರೆ ಬರೀಬೇಕಾಗುತ್ತೆ." ನಾನು ಅದನ್ನು ದಯೆ ಎಂದೇ ತಿಳಿದೆ. ಪುಸ್ತಕದಿಂದ ತಲೆ ಎತ್ತದೆ ಗೆರೆ ಎಳೆಯುತ್ತಿದ್ದೆ.

ಯಾಕೆ ದಯೆ ಬೇಕಾಗಿತ್ತೆಂದರೆ, ನಿಯಮ ಹಾಗಿತ್ತು. ಸತತ ಮೂರು ದಿನ ಹೆಸರಿಗೆ ಉತ್ತರ ಬರದಿದ್ದರೆ ಹೆಸರು ಹೊಡೆದು ಹಾಕುವುದು, ಜಾಗ ಹೊರಗಿನವರಿಗೆ ಹೋಗುವುದು. ಆಳು ಸತ್ತದ್ದು ಗೊತ್ತಾದ ದಿನ ಅವನ ಹೆಸರು ಇನ್ನೂ ಪಟ್ಟಿಯಲ್ಲಿದ್ದರೆ ಮಾತ್ರ ಜಾಗ ಅವನ ಮನೆಯವರಿಗೆ. ಒಂದು ಮನೆಗೆ ಆ ಜಾಗ ಎಂದರೆ ಎರಡು ಹೊತ್ತಿನ ಮುದ್ದೆ.

ಆ ವರ್ಷ ಪ್ಲೇಗು ಜೋರಾಗಿ ಊರಿಗೆ ಊರೇ ಖಾಲಿಯಾಯಿತು. ಮುನಿಸಿಪಾಲಿಟಿಗೂ ಮೇಲಧಿಕಾರಿಯಾಗಿದ್ದ ಅಮಲ್ದಾರರ ಕಚೇರಿ ಊರಾಚೆ ಡೇರೆಗೆ ಹೋಯಿತು. ಊರೊಳಗೆ ಬರುತ್ತಿದ್ದವರು ನಾನು, ಆಳುಗಳ ಮೇಲ್ವಿಚಾರಣೆಯ ದಫೇದಾರ್ ಕರೀಂ ಸಾಬರು, ಮನೆಗಳಿಗೆ ಔಷಧಿ ಹೊಡೆಯುವ ಏಳು ಜನ ಆಳುಗಳು. ರೋಗ ಹೊತ್ತು ತಂದಾರು ಎಂದು ಆಳುಗಳ ಗುಡಿಸಲನ್ನು ಕೆರೆಯ ಕಡೆಗೆ ಬೇರೆ ಹಾಕಿಸಿದ್ದರು. ಹೆಂಡತಿ ಮಕ್ಕಳು ಗುಡ್ಡದ ಕಡೆ. ಭಾನುವಾರ ಬಿಟ್ಟು ಆ ಕಡೆ ಹೋಗಕೂಡದು.

ಏಳು ಜನರಲ್ಲಿ ಜುಂಜ ಎಂಬುವನು ಚಿಕ್ಕವನು. ಕುರಿ ಕಾಯುವ ಮನೆತನದವನು, ಕೈ ಬೀಸಿಕೊಂಡು ನಡೆಯುತ್ತಿದ್ದ. ಅವನ ಹೆಂಡತಿ ಕ್ಯಾತಮ್ಮ ಗುಡ್ಡದ ಕಡೆಯ ಗುಡಿಸಲಿನಲ್ಲಿ ಆಗತಾನೆ ಹೆತ್ತಿದ್ದಳು. ಒಂದು ಬೆಳಗ್ಗೆ ಅವನ ಹೆಸರಿಗೆ ಬೇರೆ ಯಾರೋ ಹಾಜರ್ ಅಂದದ್ದು ಅಮಲ್ದಾರರ ಕಿವಿಗೆ ಬಿದ್ದು, ಇನ್ನು ಮುಂದೆ ಇಂಥದ್ದು ನಡೆಯಕೂಡದು ಎಂದು ನನಗೆ ಚೀಟಿ ಬಂತು. ಅವನನ್ನು ಕರೆಸಿದೆ.

"ನಿನ್ನೆ ಎಲ್ಲಿಗೆ ಹೋಗಿದ್ದೆ?"

"ಮಗೀನ್ ನೋಡ್ಕಂಡ್ ಬರಾಕೆ ಸ್ವಾಮಿ. ದೂರದಿಂದ್ಲೇ ನೋಡಿ ಬಂದ್ಬುಟ್ಟೆ."

"ದೂರದಿಂದ ಮಗು ಹೆಂಗೆ ಕಾಣುತ್ತೆ?"

"ಕಾಣ್ನಿಲ್ಲ. ಅಳಾದು ಕೇಳುಸ್ತು."

ಪಕ್ಕದಲ್ಲಿದ್ದ ಕರೀಂ ಸಾಬರು, "ಅರೆ, ಅಳೋದು ಕೇಳೋಕೆ ಎರಡು ಮೈಲಿ ಹೋಗಿದ್ದೀಯಾ? ನಮ್ಮ ಮನೇಗೆ ಬಾ, ಒಂಬತ್ತು ಇದಾವೆ" ಎಂದರು. ಜುಂಜನೂ ನಕ್ಕ. ನಾನು ನಗಲಿಲ್ಲ. ಚೀಟಿ ಜೇಬಿನಲ್ಲಿತ್ತು. ಇನ್ನೊಂದು ಸಲ ತಪ್ಪಿಸಿದರೆ ಹೆಸರು ಹೊಡೆದು ಹಾಕುತ್ತೇನೆ ಎಂದೆ.

"ಅಂಗ್ ಮಾಡ್ಬೇಡಿ ಸ್ವಾಮಿ. ಇನ್ಮ್ಯಾಕೆ ಎಲ್ಲಿದ್ರೂ ನಿಮ್ ಕೂಗಿಗೆ ಓಗೊಡ್ತೀನಿ."

ಮುಂದಿನ ಸೋಮವಾರ ಚಾವಡಿಯ ಎದುರಿನ ದೊಡ್ಡ ಮಾಳಿಗೆ ಮನೆಗೆ ಔಷಧಿ ಹೊಡೆದರು. ಬೆಳಕಿಗೆಂದು ಮಾಳಿಗೆಯ ಗವಾಕ್ಷಿ ತೆಗೆಸಿದ್ದೆವು. ಮಧ್ಯಾಹ್ನ ಕೆಲಸ ಮುಗಿಯಿತು. ಕರೀಂ ಸಾಬರು ಒಳಗೆ ನಿಂತು "ಯಾರಾದ್ರೂ ಇದೀರೇನ್ರಪ್ಪಾ" ಎಂದು ಎರಡು ಸಲ ಕೂಗಿ, ಉತ್ತರ ಬಾರದ್ದರಿಂದ ಬಾಗಿಲಿಗೆ ಬೀಗ ಹಾಕಿ, ಬೀಗಕ್ಕೆ ಅರಗಿನ ಮುದ್ರೆ ಒತ್ತಿದರು. ಆ ಸಂಜೆ ಜುಂಜ ಕೆರೆಯ ಕಡೆಯ ಗುಡಿಸಲಿಗೆ ಹೋಗಲಿಲ್ಲ. ಮತ್ತೆ ಮಗುವನ್ನು ನೋಡಲು ಹೋಗಿದ್ದಾನೆ ಎಂದು ಉಳಿದವರು ಸುಮ್ಮನಾದರು.

ಮಂಗಳವಾರ ಬೆಳಗ್ಗೆ ಹಾಜರಿ ಕೂಗಿದೆ. ಜುಂಜನದು ಐದನೆಯ ಹೆಸರು. "ಹಾಜರ್" ಎಂದು ಬಂತು, ಸ್ವಲ್ಪ ತಡವಾಗಿ. ಗೆರೆ ಎಳೆದೆ.

ಬುಧವಾರವೂ ಬಂತು. ದನಿ ಒಡೆದ ಹಾಗಿತ್ತು. ಔಷಧಿಯ ಘಾಟಿಗೆ ಎಲ್ಲರ ಗಂಟಲೂ ಹಾಗೆಯೇ ಆಗಿತ್ತು. ಗೆರೆ ಎಳೆದೆ.

ಗುರುವಾರ ಬಂದದ್ದು ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ನನಗೆ ಚೆನ್ನಾಗಿ ನೆನಪಿದೆ. ಬೀದಿಯಲ್ಲಿ ಕಾಗೆಯೂ ಇರಲಿಲ್ಲ. ಎಳೆಬಿಸಿಲು ಪುಸ್ತಕದ ಮೇಲೆ ಬಿದ್ದಿತ್ತು. ಕೂಗು ಮುಗಿಯುವ ಮೊದಲೇ ಎಂಬಂತೆ ಉತ್ತರ ಬಂತು. ಗೆರೆ ಎಳೆದು ಆರನೆಯ ಹೆಸರಿಗೆ ಹೋದೆ.

ಶುಕ್ರವಾರ ಬರಲಿಲ್ಲ.

ಇನ್ನೊಂದು ಸಲ ಕೂಗಿದೆ. ಇಲ್ಲ. ಆಗ ತಲೆ ಎತ್ತಿದೆ. ಕೆಳಗೆ ಆರು ಜನ ನಿಂತಿದ್ದರು. ಎಲ್ಲರೂ ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು.

"ಜುಂಜ ಎಲ್ಲಿ?"

ಪುಸ್ತಕ ಮುಚ್ಚಿದೆ.

"ಹೆಂಡತಿ ಹತ್ರ ಹೋಗಿದಾನಾ? ಹೇಳಿ, ಬರೆಯೋದಿಲ್ಲ."

ಹಿರಿಯ ಆಳು ಈರಣ್ಣ, "ಅಂಗೇ ಅನ್ಕಂಡಿದ್ವಿ ಸ್ವಾಮಿ. ಸೋಮ್ವಾರದಿಂದ ಗುಡ್ಲಿಗೆ ಬಂದಿಲ್ಲ" ಎಂದ.

"ಸೋಮವಾರದಿಂದಾನಾ? ನಿನ್ನೆ ಹಾಜರ್ ಅಂದವರು ಯಾರು ಹಂಗಾದ್ರೆ?"

ಈರಣ್ಣ ಪಕ್ಕದವನನ್ನು ನೋಡಿದ. ಅವನು ತನ್ನ ಪಕ್ಕದವನನ್ನು ನೋಡಿದ. ಹೀಗೆ ಸಾಲಿನ ಕೊನೆಯ ತನಕ ಹೋಯಿತು. "ನಾನು ನೀನಂದಿ ಅನ್ಕಂಡೆ ಕಣ್ಲಾ" ಎಂದು ಒಬ್ಬ ಮೆಲ್ಲಗೆ ಅಂದ. "ನಾನ್ಯಾಕಂದೇನು" ಎಂದು ಇನ್ನೊಬ್ಬ. ಆಮೇಲೆ ಯಾರೂ ಹೇಳದೆಯೇ ಆರು ಜನವೂ ತಿರುಗಿ ಹಿಂದೆ ನೋಡಿದರು. ಅವರ ಬೆನ್ನಿಗೆ ಆ ಮಾಳಿಗೆ ಮನೆ ಇತ್ತು. ಬೀಗ ಇತ್ತು. ಮುದ್ರೆ ಹಾಗೆಯೇ ಇತ್ತು.

ಕರೀಂ ಸಾಬರು ಬೀಗದ ಕೈಯನ್ನು ನನ್ನ ಕಡೆಗೆ ಚಾಚಿದರು. ನಾನೇ ತೆಗೆದೆ. ಒಳಕೋಣೆಯಲ್ಲಿ ದೊಡ್ಡ ಕಣಜವಿತ್ತು. ಅದರ ಹಿಂದೆ, ಗೋಡೆಗೆ ಒರಗಿಕೊಂಡು ಜುಂಜ ಕೂತಿದ್ದ. ಕೆಲಸ ಮಾಡುತ್ತಲೇ ಜ್ವರ ಏರಿ ಅಲ್ಲಿ ಕುಸಿದಿರಬೇಕು. ಮುಖ ಮೇಲಕ್ಕೆತ್ತಿ ಗವಾಕ್ಷಿಯ ಕಡೆ ಇತ್ತು. ಆ ಗವಾಕ್ಷಿಯಿಂದ ಚಾವಡಿಯ ಜಗಲಿಗೆ ಮೂವತ್ತು ಮಾರೂ ದೂರವಿಲ್ಲ. ಜಗಲಿಯ ಮಾತು ಅಲ್ಲಿಗೆ ಕೇಳುತ್ತದೆಯೇ ಎಂದು ಆಮೇಲೆ ನಿಂತು ನೋಡಿದೆ. ಕೇಳುತ್ತದೆ.

ಡಾಕ್ಟರು ಬಂದು ನೋಡಿದರು. "ಸತ್ತು ಎರಡು ದಿನಕ್ಕೆ ಕಡಿಮೆ ಇಲ್ಲ. ಮೂರೂ ಇರಬಹುದು" ಎಂದರು.

"ನಿನ್ನೆ ಬೆಳಗ್ಗೆ ಬದುಕಿರೋದು ಸಾಧ್ಯವಾ ಸ್ವಾಮಿ?"

"ಸಾಧ್ಯವೇ ಇಲ್ಲ" ಎಂದು ಕೈ ತೊಳೆಯಲು ಹೋದರು.

ಮಂಗಳವಾರದ ದನಿ ಅವನದೇ ಎಂದು ನಾನು ನಂಬುತ್ತೇನೆ. ಬುಧವಾರದ್ದು ಇರಬಹುದು. ಗುರುವಾರದ್ದರ ಬಗ್ಗೆ ಇಷ್ಟು ವರ್ಷವಾದರೂ ನನ್ನಲ್ಲಿ ಉತ್ತರವಿಲ್ಲ. ಜ್ವರದಲ್ಲಿ ಬಿದ್ದವನು "ಬಾಗಿಲು ತೆಗೀರಿ" ಎಂದು ಯಾಕೆ ಕೂಗಲಿಲ್ಲ ಎಂದು ಕೆಲವರು ಕೇಳಿದ್ದಾರೆ. ಕೂಗಿರಬಹುದು. ನಾವೆಲ್ಲ ಬೇರೆ ಬೀದಿಗಳಿಗೆ ಹೋಗಿರುತ್ತಿದ್ದೆವು. ಹೆಸರು ಕರೆದಾಗ ಮಾತ್ರ ಅವನಿಗೆ ಎಚ್ಚರವಾಗಿ, ಹೆಸರು ಹೋಗಬಾರದೆಂಬ ಒಂದೇ ಯೋಚನೆ ಬಂದಿರಬಹುದು. ಆ ಹೆದರಿಕೆ ಅವನಲ್ಲಿ ಹಾಕಿದವನು ನಾನು.

ಅಮಲ್ದಾರರು ಮಾರನೆಯ ದಿನ ವಿಚಾರಣೆ ಎಂದರು. ಅವತ್ತೇ ನನ್ನನ್ನು ಡೇರೆಗೆ ಕರೆಸಿ ಪುಸ್ತಕ ನೋಡಿ, "ಡಾಕ್ಟರ ರಿಪೋರ್ಟಿಗೂ ಇದಕ್ಕೂ ತಾಳೆ ಇಲ್ಲ. ಮೂರು ದಿನ ಗೈರುಹಾಜರಿ ಅಂತ ತಿದ್ದಿ ತಾ. ಮುಗಿಸಿಬಿಡೋಣ" ಎಂದರು. ಕೆಟ್ಟವರಲ್ಲ. ನನ್ನನ್ನು ಉಳಿಸಲು ನೋಡುತ್ತಿದ್ದರು. ತಿದ್ದಿದರೆ ನನ್ನ ತಪ್ಪು ಹೊರಗೆ ಬರುವುದಿಲ್ಲ. ಜುಂಜನ ಹೆಸರು ಮಾತ್ರ ಗುರುವಾರಕ್ಕೇ ಹೊಡೆದು ಹೋಗುತ್ತದೆ, ಜಾಗ ಹೊರಗಿನವರ ಪಾಲು, ಕ್ಯಾತಮ್ಮ ಕೂಸು ಎತ್ತಿಕೊಂಡು ಎಲ್ಲಿಗೋ ಹೋಗಬೇಕು. ತಿದ್ದದಿದ್ದರೆ ಸುಳ್ಳು ಹಾಜರಿ ಹಾಕಿದ ಗುಮಾಸ್ತ ಎಂದು ನನ್ನ ಕೆಲಸ ಹೋಗಬಹುದು.

ಸಂಜೆ ಊರಾಚೆ ಹಾಕಿಕೊಂಡಿದ್ದ ನಮ್ಮ ಗುಡಿಸಲಿಗೆ ಬಂದು ಪಾರ್ವತಮ್ಮನಿಗೆ ಎಲ್ಲ ಹೇಳಿದೆ. ಕಣ್ಣಾರೆ ನೋಡಿ ಗೆರೆ ಹಾಕಿದೆ ಎಂದು ಹೇಳಿಬಿಡಲೇ ಎಂದು ಕೇಳಿದೆ. ಅವಳು ರಾಗಿ ಬೀಸುತ್ತಿದ್ದಳು. ಕಲ್ಲು ನಿಲ್ಲಿಸಿ ಕೇಳಿದಳು: "ನೋಡಿದ್ರಾ?"

"ಇಲ್ಲ."

"ಕೇಳಿದ್ರಾ?"

"ಕೇಳಿದೆ. ಮೂರು ದಿನವೂ."

"ಕೇಳಿದೆ ಅನ್ನಿ. ನೋಡಲಿಲ್ಲ ಅನ್ನಿ. ಕೆಲಸ ಹೋದ್ರೆ ನಮ್ಮಪ್ಪನ ಹೊಲ ಇದೆ, ಮಿಡಿಗೇಶೀಗೆ ಹೋಗಣ" ಎಂದು ಮತ್ತೆ ಬೀಸತೊಡಗಿದಳು.

ಮೂರು ತಿಂಗಳ ಹಿಂದೆ ಅವಳು ತೀರಿಕೊಂಡ ಬೆಳಗ್ಗೆ ಒಳಗಿನಿಂದ "ಏನೂಂದ್ರೆ" ಎಂದಿದ್ದಳು. ನಾನು ಪತ್ರಿಕೆ ಓದುತ್ತಿದ್ದೆ. "ಹೂಂ" ಎಂದೆ, ತಲೆ ಎತ್ತಲಿಲ್ಲ. ಇದನ್ನು ಇಲ್ಲಿ ಬರೆಯಬೇಕೆಂದು ಕೂತಿರಲಿಲ್ಲ. ಕೈಗೆ ಬಂತು, ಇರಲಿ.

ವಿಚಾರಣೆಯ ದಿನ ಡೇರೆಯ ಮುಂದೆ ನಮ್ಮನ್ನೆಲ್ಲ ನಿಲ್ಲಿಸಿದರು. ಅಮಲ್ದಾರರು ಮೊದಲು ನನ್ನನ್ನು ಕೇಳಿದರು.

"ತಿದ್ದಿ ತಂದೆಯಾ?"

"ಇಲ್ಲ ಸ್ವಾಮಿ."

"ಆಳನ್ನು ನೋಡಿ ಗೆರೆ ಹಾಕಿದೆಯಾ?"

"ನೋಡಲಿಲ್ಲ. ಕೇಳಿ ಹಾಕಿದೆ."

"ಸರ್ಕಾರ ನಿನಗೆ ಕಣ್ಣು ಕೊಟ್ಟಿಲ್ಲವೇನಯ್ಯಾ?"

ಅವರು ಆಳುಗಳ ಕಡೆ ತಿರುಗಿದರು. ಬದಲಿಗೆ ಹಾಜರ್ ಅಂದವರಾರು, ನಿಜ ಹೇಳಿದರೆ ಶಿಕ್ಷೆ ಇಲ್ಲ ಎಂದರು. ಒಬ್ಬನಾದರೂ ಹೆದರಿ "ನಾನು" ಅಂದರೆ ಅಲ್ಲಿಗೆ ಜುಂಜ ಗೈರುಹಾಜರಿ. ಅಮಲ್ದಾರರಿಗೆ ಬೇಕಾಗಿದ್ದುದೂ ಅದೇ. ಹಾಗಾದರೆ ಎಲ್ಲವೂ ಅರ್ಥವಾಗುತ್ತಿತ್ತು.

ಈರಣ್ಣನನ್ನು ಮೊದಲು ಕೇಳಿದರು.

"ನಾನಲ್ಲ ಬುದ್ಧಿ."

"ಉತ್ತರ ಬಂದದ್ದು ಕೇಳಿದೆಯಾ?"

"ಕೇಳ್ದೆ ಬುದ್ಧಿ. ಬೆನ್ನಿಂದ್ಗಡೆಯಿಂದ ಬಂತು."

"ಬೆನ್ನ ಹಿಂದೆ ಯಾಕೆ ನೋಡಲಿಲ್ಲ?"

"ನಾವು ನೋಡಾಕಿಲ್ಲ ಬುದ್ಧಿ."

ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವನೂ. ಆರನೆಯವನ ತನಕ ಅದೇ ಮಾತು, ಬೆನ್ನ ಹಿಂದಿನಿಂದ. ಕೊನೆಯವನು ಹೇಳುವಾಗ ಡೇರೆಯ ಬಟ್ಟೆ ಗಾಳಿಗೆ ಪಟಪಟ ಅಂತು. ಅಮಲ್ದಾರರು ಬೆಚ್ಚಿ ತಮ್ಮ ಬೆನ್ನ ಹಿಂದೆ ನೋಡಿದರು. ಯಾರೂ ನಗಲಿಲ್ಲ.

ಅಮಲ್ದಾರರು ಲೇಖನಿಯನ್ನು ಶಾಯಿಗೆ ಅದ್ದಿ ಹೇಳಿದರು: "ಉತ್ತರ ಕೊಟ್ಟವನು ಇದ್ದವನೋ ಇಲ್ಲದವನೋ, ನಿಯಮ ಕೇಳುವುದಿಲ್ಲ. ಹೆಸರಿಗೆ ಉತ್ತರ ಬಂದಿದೆಯೋ ಇಲ್ಲವೋ, ಅಷ್ಟೇ ಕೇಳುತ್ತದೆ. ಬಂದಿದೆ. ಗೆರೆಗಳು ಇರಲಿ." ಜಾಗ ಮನೆಯವರಿಗೆ ಎಂದು ಬರೆದರು. ನನ್ನ ಸರ್ವಿಸ್ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಬಿತ್ತು. ರಿಟೈರಾಗುವವರೆಗೂ ಅದು ಇತ್ತು. ಇರಬೇಕಾದ್ದೇ.

ಆ ಶುಕ್ರವಾರದಿಂದ ನಾನು ತಲೆ ಎತ್ತಿ ಹಾಜರಿ ಹಾಕತೊಡಗಿದೆ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಸುಳ್ಳು. ಎತ್ತಿದರೆ ಆ ಬಾಗಿಲು ಕಾಣುತ್ತಿತ್ತು. ಮೊದಲಿಗಿಂತ ಹೆಚ್ಚು ಬಗ್ಗಿ ಬರೆಯುತ್ತಿದ್ದೆ. ಐದನೆಯ ಹೆಸರಿನ ಜಾಗ ಬಂದಾಗ, ಅಲ್ಲಿ ಹೆಸರಿಲ್ಲದಿದ್ದರೂ, ಒಂದು ಕ್ಷಣ ನಿಲ್ಲುತ್ತಿದ್ದೆ. ಆಳುಗಳೂ ಕಾಯುತ್ತಿದ್ದರು. ಏನೂ ಬರುತ್ತಿರಲಿಲ್ಲ. ಆರನೆಯ ಹೆಸರು ಕೂಗುತ್ತಿದ್ದೆ.

ಮಳೆಗಾಲ ಕಳೆದು ರೋಗ ಇಳಿಯಿತು. ಜನ ಒಬ್ಬೊಬ್ಬರಾಗಿ ಊರಿಗೆ ಬಂದರು. ಒಂದು ಬೆಳಗ್ಗೆ ಕರೀಂ ಸಾಬರು ಬಂದು, "ಗುಮಾಸ್ತ್ರೇ, ಆ ಹುಡುಗಿ ಬಂದಿದಾಳೆ" ಎಂದು ಕಿವಿಯಲ್ಲಿ ಹೇಳಿದರು. ಐದನೆಯ ಜಾಗದಲ್ಲಿ ಹೊಸ ಹೆಸರು ಬರೆದೆ. ನಾಲ್ಕು ಹೆಸರು ಕೂಗಿದೆ, ನಾಲ್ಕು ಗೆರೆ ಎಳೆದೆ.

"ಕ್ಯಾತಮ್ಮ."

ಉತ್ತರವಿಲ್ಲ. ಸಾಲಿನಲ್ಲಿ ಯಾರೂ ತಿರುಗಲಿಲ್ಲ.

"ಹಾಜರ್ ಅನ್ನಬೇಕು ಕಣಮ್ಮ" ಎಂದೆ, ಪುಸ್ತಕಕ್ಕೇ ಹೇಳುವ ಹಾಗೆ.

"ಆ ಮಾತ್ ನಾನ್ ಅನ್ನಾಕಿಲ್ಲ ಸ್ವಾಮಿ."

"ಅನ್ನದೆ ಇದ್ರೆ ಹೆಂಗೆ ಹಾಕಲಿ?"

"ಎದುರ್ಗೇ ನಿಂತಿವ್ನಿ. ನೋಡಿ ಹಾಕ್ಕಳಿ."

ನೋಡಿದೆ. ಇಪ್ಪತ್ತು ದಾಟಿರದ ಹೆಣ್ಣು. ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕಿ, ಎಡ ಹುಬ್ಬಿನ ಪಕ್ಕ ಸುಟ್ಟ ಗಾಯದ ಗುರುತು. ಸೊಂಟದ ಮೇಲಿನ ಕೂಸು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಾಯಲ್ಲಿ ಬೆರಳಿಟ್ಟಿತ್ತು. ಅವರ ಹಿಂದೆ ಆ ಮನೆಯ ಬಾಗಿಲು ತೆಗೆದಿತ್ತು, ಯಾರೋ ಹೊಸ್ತಿಲು ಸಾರಿಸುತ್ತಿದ್ದರು. ನಾನು ನೋಡುತ್ತಲೇ ಇದ್ದೆ. ಅವಳು ಕಣ್ಣು ತಗ್ಗಿಸಲಿಲ್ಲ.

ಗೆರೆ ಎಳೆದೆ. ಆಮೇಲೆ ಸಾಲಿನಲ್ಲಿದ್ದ ಈರಣ್ಣ ನಿಧಾನವಾಗಿ ಕತ್ತು ತಿರುಗಿಸಿ ಅವಳನ್ನು ನೋಡಿದ. ಪಕ್ಕದವನೂ ತಿರುಗಿದ. ಒಬ್ಬೊಬ್ಬರಾಗಿ ಆರು ಜನವೂ ನೋಡಿದರು.